ದೂರವಾಣಿ ವೆಚ್ಚ ಇಳಿಯಲಿ, ಕರೆ ತಪ್ಪದಿರಲಿ: ಸಂಸ್ಥೆಗಳಿಗೊಂದು ಕೈಪಿಡಿ

ದೇಶದಲ್ಲಿ ದೂರವಾಣಿ ಕರೆ ಅಗ್ಗವಾಗಿ ವರ್ಷಗಳೇ ಕಳೆದಿವೆ. ಆದರೂ ಆಸ್ಪತ್ರೆ, ಸಹಕಾರಿ ಬ್ಯಾಂಕ್, ಕಾಲೇಜು, ಸಾರಿಗೆ ಕಚೇರಿಗಳ ಲೆಕ್ಕಪತ್ರ ವಿಭಾಗಕ್ಕೆ ಪ್ರತಿ ತಿಂಗಳು ಬರುವ ದೂರವಾಣಿ ಬಿಲ್‌ಗಳ ಕಟ್ಟು ಅದೇ ಪ್ರಮಾಣದಲ್ಲಿ ತೆಳುವಾಗಿಲ್ಲ. ಮತ್ತೊಂದೆಡೆ, ಹೊರಗಿನಿಂದ ಕರೆ ಮಾಡುವವರಿಗೆ ಬೆಳಗಿನ ವೇಳೆ ಲೈನ್ ಸಿಗುವುದಿಲ್ಲ, ಸಿಕ್ಕರೂ ಯಾರೂ ಎತ್ತುವುದಿಲ್ಲ ಎಂಬ ದೂರು ಹಾಗೆಯೇ ಉಳಿದಿದೆ. ಹಣವೂ ಹೋಗುತ್ತದೆ, ಕರೆಯೂ ತಪ್ಪುತ್ತದೆ.

ಇವೆರಡೂ ಬೇರೆ ಬೇರೆ ಸಮಸ್ಯೆಗಳಂತೆ ಕಂಡರೂ ಬೇರು ಒಂದೇ. ಸಂಸ್ಥೆಯ ಬಳಿ ಎಷ್ಟು ಲೈನ್‌ಗಳಿವೆ, ಅವುಗಳಲ್ಲಿ ಯಾವುದು ಎಷ್ಟು ಬಳಕೆಯಾಗುತ್ತಿದೆ ಎಂಬ ಲೆಕ್ಕ ಯಾರಲ್ಲೂ ಇರುವುದಿಲ್ಲ. ಲೆಕ್ಕವಿಲ್ಲದೆ ವೆಚ್ಚ ಕಡಿತಕ್ಕೆ ಹೊರಟರೆ ಬೇಕಾದ ಲೈನ್ ಕಡಿತಗೊಳ್ಳುತ್ತದೆ, ಬೇಡದ್ದು ಉಳಿಯುತ್ತದೆ. ಆಸ್ಪತ್ರೆಯಂಥ ಕಡೆ ಇದರ ಬೆಲೆಯನ್ನು ರೂಪಾಯಿಯಲ್ಲಿ ಅಳೆಯಲಾಗದು. ಆಂಬುಲೆನ್ಸ್‌ಗಾಗಿ ಕರೆ ಮಾಡಿದವರಿಗೆ ‘ಎಂಗೇಜ್’ ಸದ್ದು ಕೇಳಿಸಿದರೆ ಉಳಿತಾಯದ ಮಾತಿಗೆ ಅರ್ಥವೇ ಇರುವುದಿಲ್ಲ. ಆದ್ದರಿಂದ ವೆಚ್ಚ ಮತ್ತು ಗುಣಮಟ್ಟ ಎರಡನ್ನೂ ಒಟ್ಟಿಗೆ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ದರ ಇಳಿದ ದಾರಿ

ಇಂದಿನ ಬಿಲ್ ಅರ್ಥವಾಗಬೇಕಾದರೆ ಹಿಂದಿನ ದರ ವ್ಯವಸ್ಥೆಯ ಪರಿಚಯ ಇರಬೇಕು. ದೇಶದ ಮೊದಲ ಎಸ್‌ಟಿಡಿ ಸೇವೆ 1960ರಲ್ಲಿ ಲಖನೌ ಮತ್ತು ಕಾನ್ಪುರ ನಡುವೆ ಆರಂಭವಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮೀಣ ಭಾಗಕ್ಕೆಂದು ರೂಪಿಸಿದ 128 ಲೈನ್‌ಗಳ ದೇಶೀಯ ವಿನಿಮಯ ಕೇಂದ್ರ ಮೊದಲಿಗೆ ಕಾರ್ಯಾರಂಭ ಮಾಡಿದ್ದು 1986ರಲ್ಲಿ, ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಆ ಕಾಲದಲ್ಲಿ ದೂರ ಹೆಚ್ಚಿದಷ್ಟೂ ದರ ಹೆಚ್ಚುತ್ತಿತ್ತು. ಹೀಗಾಗಿ ಕಚೇರಿಗಳಲ್ಲಿ ಎಸ್‌ಟಿಡಿ ಸೌಲಭ್ಯಕ್ಕೆ ಬೀಗ ಹಾಕುವುದು, ದರ ಇಳಿಯುವ ರಾತ್ರಿಯವರೆಗೆ ಕಾಯುವುದು ಸಾಮಾನ್ಯವಾಗಿತ್ತು.

1997ರಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ರಚನೆಯಾಯಿತು. 1999ರ ಹೊಸ ದೂರಸಂಪರ್ಕ ನೀತಿಯ ನಂತರ ದೂರದ ಕರೆಗಳ ಕ್ಷೇತ್ರ 2000ದಲ್ಲಿ ಹಾಗೂ ವಿದೇಶಿ ಕರೆಗಳ ಕ್ಷೇತ್ರ 2002ರಲ್ಲಿ ಸ್ಪರ್ಧೆಗೆ ತೆರೆದುಕೊಂಡವು. 2003ರಲ್ಲಿ ಮೊಬೈಲ್‌ಗೆ ಒಳಬರುವ ಕರೆ ಉಚಿತವಾಯಿತು. 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ‘ಒನ್ ಇಂಡಿಯಾ’ ಯೋಜನೆಯಡಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ದರ ಜಾರಿಗೆ ತಂದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಬಳಿಕ ಕರೆಗೆ ಪ್ರತ್ಯೇಕ ದರ ಎಂಬುದೇ ಬಹುತೇಕ ಮರೆಯಾಯಿತು. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಿದಾಗ ಕಂಪನಿಗಳು ತಮ್ಮೊಳಗೆ ಪಾವತಿಸುತ್ತಿದ್ದ ಶುಲ್ಕ, ದೇಶದೊಳಗಿನ ಮೊಬೈಲ್ ಕರೆಗಳ ಮಟ್ಟಿಗೆ, 2021ರ ಜನವರಿ 1ರಿಂದ ಶೂನ್ಯವಾಗಿದೆ.

ಇದರ ತಾತ್ಪರ್ಯ ಸ್ಪಷ್ಟ. ಹಿಂದೆ ವೆಚ್ಚ ಇಳಿಸಬೇಕಾದರೆ ನಿಮಿಷಗಳನ್ನು ಉಳಿಸಬೇಕಿತ್ತು. ಈಗ ದೇಶದೊಳಗಿನ ಕರೆಗಳಲ್ಲಿ ನಿಮಿಷದ ಪಾಲು ಕಡಿಮೆ. ಹಣ ಸೋರುವುದು ಬಾಡಿಗೆ, ಉಪಯೋಗವಿಲ್ಲದ ಸಂಪರ್ಕ, ಹಳೆಯ ಯೋಜನೆ, ನಿರ್ವಹಣಾ ಗುತ್ತಿಗೆ ಮತ್ತು ವಿದೇಶಿ ಕರೆಗಳಲ್ಲಿ. ಆದರೂ ಹಲವು ಸಂಸ್ಥೆಗಳು ಇಂದಿಗೂ ಸಿಬ್ಬಂದಿಯ ಎಸ್‌ಟಿಡಿ ಕರೆಗೆ ಬೀಗ ಹಾಕಿ, ಯಾರೂ ಮುಟ್ಟದ ಲೈನ್‌ಗಳಿಗೆ ಬಾಡಿಗೆ ಕಟ್ಟುತ್ತಿವೆ.

ಮೊದಲ ಕೆಲಸ: ಪಟ್ಟಿ

ಮೊದಲು ಮಾಡಬೇಕಾದದ್ದು ದಾಸ್ತಾನು ಪರಿಶೀಲನೆ. ಇದಕ್ಕೆ ತಜ್ಞರ ಅಗತ್ಯವಿಲ್ಲ, ತಾಳ್ಮೆ ಸಾಕು. ಕಳೆದ 3 ತಿಂಗಳ ಎಲ್ಲ ಬಿಲ್‌ಗಳನ್ನು ಒಂದೆಡೆ ಇಟ್ಟುಕೊಂಡು ಪ್ರತಿ ಸಂಪರ್ಕಕ್ಕೂ ಒಂದು ಸಾಲಿನಂತೆ ಬರೆಯಬೇಕು. ಸಂಖ್ಯೆ, ಯಾವ ಕೊಠಡಿಯಲ್ಲಿದೆ, ಯಾರ ಹೆಸರಿನಲ್ಲಿದೆ, ತಿಂಗಳ ಬಾಡಿಗೆ, ಕರೆಗಳ ಮೊತ್ತ, ಒಪ್ಪಂದ ಮುಗಿಯುವ ದಿನಾಂಕ, ಇಷ್ಟು ವಿವರ ಇರಬೇಕು.

ಬಳಿಕ ಪಟ್ಟಿಯಲ್ಲಿರುವ ಪ್ರತಿ ಸಂಖ್ಯೆಗೂ ಕರೆ ಮಾಡಿ ನೋಡಬೇಕು. ಎಲ್ಲೋ ಗಂಟೆ ಬಾರಿಸಬೇಕಲ್ಲ? ಬಾರಿಸದಿದ್ದರೆ ಆ ಲೈನ್ ಎಲ್ಲಿಗೆ ಹೋಗಿದೆ ಎಂದು ಪತ್ತೆ ಹಚ್ಚಬೇಕು. ಫ್ಯಾಕ್ಸ್ ಯಂತ್ರ ಗುಜರಿಗೆ ಹೋದರೂ ಅದರ ಲೈನ್ ಉಳಿದಿರುತ್ತದೆ. ನಿವೃತ್ತರಾದ ಅಧಿಕಾರಿಯ ಮನೆಯ ದೂರವಾಣಿ, ಕೆಲಸ ಬಿಟ್ಟವರ ಸಿಮ್, ಹಿಂದಿನ ಬಾಡಿಗೆ ಕಟ್ಟಡದ ಬ್ರಾಡ್‌ಬ್ಯಾಂಡ್, ಕಾರ್ಡ್ ಉಜ್ಜುವ ಹಳೆಯ ಯಂತ್ರಕ್ಕೆ ಕೊಟ್ಟಿದ್ದ ಸಂಪರ್ಕ ಇವೆಲ್ಲ ಸಾಮಾನ್ಯವಾಗಿ ಸಿಗುವ ಉದಾಹರಣೆಗಳು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕರೆಯೇ ಇಲ್ಲದ ಲೈನ್ ಎಲ್ಲವೂ ವ್ಯರ್ಥವಲ್ಲ. ಲಿಫ್ಟ್‌ನೊಳಗಿನ ತುರ್ತು ದೂರವಾಣಿ, ಅಗ್ನಿ ಮುನ್ನೆಚ್ಚರಿಕೆ ಫಲಕ, ಬ್ಯಾಂಕಿನ ಕಳ್ಳಗಂಟೆ ಇವುಗಳಿಗೆ ಜೋಡಿಸಿದ ಲೈನ್‌ಗಳ ಬಿಲ್‌ನಲ್ಲಿ ಕರೆಗಳ ಸಂಖ್ಯೆ ಸೊನ್ನೆಯೇ ಇರುತ್ತದೆ. ಅವನ್ನು ತಿಳಿಯದೆ ಕಡಿತಗೊಳಿಸುವುದು ಅಪಾಯಕ್ಕೆ ಆಹ್ವಾನ. ಇಂಥ ಸಂಪರ್ಕಗಳನ್ನು ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಬೇಕು.

ಬಿಲ್ ಓದುವ ಬಗೆ

ಬಿಲ್‌ನಲ್ಲಿ ಒಟ್ಟು ಮೊತ್ತವನ್ನಷ್ಟೇ ನೋಡಿ ಸಹಿ ಹಾಕುವುದು ವಾಡಿಕೆ. ಅದರ ಬದಲು ನಾಲ್ಕು ಭಾಗಗಳನ್ನು ಬೇರ್ಪಡಿಸಬೇಕು: ನಿಗದಿತ ಬಾಡಿಗೆ, ಬಳಕೆಯ ಶುಲ್ಕ, ಹೆಚ್ಚುವರಿ ಸೇವೆಗಳು ಮತ್ತು ತೆರಿಗೆ. ಕೇಳದೆಯೇ ಸೇರಿಕೊಂಡ ಹೆಚ್ಚುವರಿ ಸೇವೆ, ಕಡಿತಗೊಳಿಸುವಂತೆ ಪತ್ರ ಕೊಟ್ಟ ಬಳಿಕವೂ ಮುಂದುವರಿದ ಬಾಡಿಗೆ, ವಾಪಸ್ ಬಾರದ ಠೇವಣಿ ಇವುಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು.

ತಕರಾರು ಇದ್ದಲ್ಲಿ ಮೊದಲು ಸೇವಾದಾರರ ದೂರು ಕೇಂದ್ರದಲ್ಲಿ ದಾಖಲಿಸಿ ದೂರಿನ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು 2012ರ ಟ್ರಾಯ್ ನಿಯಮಾವಳಿ ಅವಕಾಶ ಕಲ್ಪಿಸಿದೆ. ದೂರಿನ ಸಂಖ್ಯೆ ಇಲ್ಲದೆ ಬರೀ ಬಾಯಿಮಾತಿನಲ್ಲಿ ಹೇಳಿದ ತಕರಾರಿಗೆ ಮುಂದೆ ಆಧಾರ ಉಳಿಯುವುದಿಲ್ಲ.

ತೆರಿಗೆಯ ವಿಚಾರವನ್ನೂ ಗಮನಿಸಬೇಕು. 2017ರ ಜುಲೈ 1ರಿಂದ ದೂರಸಂಪರ್ಕ ಸೇವೆಗೆ ಶೇ 18ರಷ್ಟು ಜಿಎಸ್‌ಟಿ ಇದೆ. ತೆರಿಗೆಗೊಳಪಟ್ಟ ವ್ಯವಹಾರ ನಡೆಸುವ ಸಂಸ್ಥೆ ಈ ಮೊತ್ತವನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಬಿಲ್‌ನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು. ನೌಕರರ ಹೆಸರಿನಲ್ಲಿರುವ ಬಿಲ್‌ಗೆ ಈ ಲಾಭ ಸಿಗುವುದಿಲ್ಲ. ಸಂಪರ್ಕವನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿ ಜಿಎಸ್‌ಟಿ ಸಂಖ್ಯೆ ಸೇರಿಸಿದರೆ, ಒಂದು ಕರೆಯನ್ನೂ ಕಡಿಮೆ ಮಾಡದೆ ವೆಚ್ಚ ಇಳಿಯುತ್ತದೆ. ಆಸ್ಪತ್ರೆ ಮತ್ತು ಶಾಲೆಗಳ ಸ್ಥಿತಿ ಬೇರೆ. ಅವುಗಳ ಮುಖ್ಯ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಆ ಸೇವೆಗೆ ಬಳಸಿದ ದೂರವಾಣಿಯ ತೆರಿಗೆ ಜಮೆಯಾಗುವುದಿಲ್ಲ. ಇಂಥ ಸಂಸ್ಥೆಗಳು ದರಗಳನ್ನು ಹೋಲಿಸುವಾಗ ಶೇ 18 ಸೇರಿಸಿಯೇ ಹೋಲಿಸಬೇಕು.

ಎಷ್ಟು ಲೈನ್ ಬೇಕು?

ಈ ಪ್ರಶ್ನೆಗೆ ಊಹೆಯ ಉತ್ತರ ಬೇಕಿಲ್ಲ. ಡೆನ್ಮಾರ್ಕ್‌ನ ಗಣಿತಜ್ಞ ಅಗ್ನರ್ ಕ್ರಾರುಪ್ ಎರ್ಲಾಂಗ್, ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದಾಗ, 1917ರಲ್ಲಿ ಪ್ರಕಟಿಸಿದ ಸೂತ್ರವೇ ಇಂದಿಗೂ ಇದಕ್ಕೆ ಆಧಾರ. ದೂರವಾಣಿ ದಟ್ಟಣೆಯ ಅಳತೆಗೆ ಅವರ ಹೆಸರನ್ನೇ ಇಡಲಾಗಿದೆ. ಒಂದು ಲೈನ್ ಪೂರ್ತಿ ಒಂದು ಗಂಟೆ ಬಿಡುವಿಲ್ಲದೆ ಬಳಕೆಯಾದರೆ ಅದು 1 ಎರ್ಲಾಂಗ್.

ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರದಲ್ಲಿ 4 ಕಟ್ಟಡಗಳಿರುವ ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಹೊರರೋಗಿ ವಿಭಾಗ ತೆರೆಯುವ ಬೆಳಗಿನ ಅತಿ ದಟ್ಟಣೆಯ ಒಂದು ಗಂಟೆಯಲ್ಲಿ ಪ್ರತಿ ಕಟ್ಟಡದ ಲೈನ್‌ಗಳಲ್ಲೂ ತಲಾ 60 ಕರೆಗಳು, ಪ್ರತಿ ಕರೆ ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳೋಣ. 60 ಕರೆಗಳಿಗೆ 180 ನಿಮಿಷ, ಅಂದರೆ 3 ಗಂಟೆ. ಹೀಗಾಗಿ ಒಂದು ಕಟ್ಟಡದ ದಟ್ಟಣೆ 3 ಎರ್ಲಾಂಗ್, ನಾಲ್ಕೂ ಸೇರಿ 12 ಎರ್ಲಾಂಗ್.

12 ಎರ್ಲಾಂಗ್‌ಗೆ 12 ಲೈನ್ ಸಾಕು ಎಂದು ತೋರುವುದು ಸಹಜ. ಆದರೆ ಕರೆಗಳು ಸರದಿಯಲ್ಲಿ ನಿಂತು ಬರುವುದಿಲ್ಲ. ಒಮ್ಮೆಲೇ ಮುಗಿಬೀಳುತ್ತವೆ, ಒಮ್ಮೊಮ್ಮೆ ಬಿಡುವೂ ಇರುತ್ತದೆ. ಎರ್ಲಾಂಗ್ ಸೂತ್ರದ ಪ್ರಕಾರ 12 ಲೈನ್ ಮಾತ್ರ ಇದ್ದರೆ ಆ ಗಂಟೆಯಲ್ಲಿ ಸುಮಾರು ಶೇ 20ರಷ್ಟು ಕರೆಗಳಿಗೆ, ಅಂದರೆ ಐದರಲ್ಲಿ ಒಂದಕ್ಕೆ, ಲೈನ್ ಸಿಗುವುದಿಲ್ಲ. 100 ಕರೆಗಳಲ್ಲಿ ತಪ್ಪುವುದು ಒಂದನ್ನು ಮೀರಬಾರದು ಎಂದಾದರೆ 20 ಲೈನ್ ಬೇಕು.

ಇನ್ನು ನಾಲ್ಕೂ ಕಟ್ಟಡಗಳು ತಮ್ಮ ತಮ್ಮ ಲೈನ್‌ಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ಏನಾಗುತ್ತದೆ? 3 ಎರ್ಲಾಂಗ್ ದಟ್ಟಣೆಗೆ ಅದೇ ಗುಣಮಟ್ಟ ಬೇಕೆಂದರೆ ತಲಾ 8 ಲೈನ್ ಬೇಕಾಗುತ್ತದೆ. ನಾಲ್ಕಕ್ಕೂ ಸೇರಿ 32. ಒಟ್ಟುಗೂಡಿಸಿದರೆ 20 ಸಾಕಾಗುವ ಕಡೆ ಬಿಡಿಬಿಡಿಯಾಗಿ 32 ಬೇಕು. ಒಂದು ಕಟ್ಟಡದಲ್ಲಿ ಲೈನ್ ಖಾಲಿ ಇದ್ದರೂ ಪಕ್ಕದ ಕಟ್ಟಡಕ್ಕೆ ಅದು ನೆರವಾಗದಿರುವುದೇ ಇದಕ್ಕೆ ಕಾರಣ. ಸಂಸ್ಥೆಯ ಲೈನ್‌ಗಳನ್ನು ಒಂದೇ ಕೊಳಕ್ಕೆ ಸೇರಿಸುವುದು ವೆಚ್ಚ ಇಳಿಸುವ ಅತ್ಯಂತ ಗಟ್ಟಿಯಾದ ಮಾರ್ಗ ಎನ್ನುವುದು ಇದೇ ಲೆಕ್ಕದ ಬಲದ ಮೇಲೆ. 12 ಲೈನ್‌ಗಳ ಬಾಡಿಗೆ ಉಳಿಯುತ್ತದೆ, ಕರೆ ತಪ್ಪುವ ಪ್ರಮಾಣ ಮಾತ್ರ ಹೆಚ್ಚುವುದಿಲ್ಲ.

ಈ ಲೆಕ್ಕಕ್ಕೆ ಬೇಕಾದ ಮಾಹಿತಿ ಇಪಿಎಬಿಎಕ್ಸ್ ಯಂತ್ರದಲ್ಲೇ ದೊರೆಯುತ್ತದೆ. ಕರೆ ಯಾವಾಗ ಬಂತು, ಎಷ್ಟು ಹೊತ್ತು ನಡೆಯಿತು ಎಂಬ ದಾಖಲೆಯನ್ನು ಬಹುತೇಕ ಯಂತ್ರಗಳು ಕೊಡುತ್ತವೆ. ಕನಿಷ್ಠ 2 ವಾರಗಳ ದಾಖಲೆ ತೆಗೆಸಿ, ಸೋಮವಾರದ ದಟ್ಟಣೆಯನ್ನೂ ಹಬ್ಬದ ಮರುದಿನದ ದಟ್ಟಣೆಯನ್ನೂ ಗಮನಿಸಬೇಕು. ಆದರೆ ಎಂಗೇಜ್ ಸದ್ದು ಕೇಳಿ ಇಟ್ಟವರ ಲೆಕ್ಕ ಆ ದಾಖಲೆಯಲ್ಲಿ ಇರುವುದಿಲ್ಲ. ಅದನ್ನು ಸೇವಾದಾರರಿಂದ ಕೇಳಿ ಪಡೆಯಬೇಕು.

ತಾಮ್ರದ ತಂತಿಯಿಂದ ಸಿಪ್‌ವರೆಗೆ

ಸಂಸ್ಥೆಗೆ ಹೊರಗಿನ ಲೈನ್ ತಲುಪಲು ಮೂರು ದಾರಿಗಳಿವೆ. ಮೊದಲನೆಯದು ತಾಮ್ರದ ಜೋಡಿತಂತಿ. ಒಂದು ಜೋಡಿಗೆ ಒಂದೇ ಕರೆ. ಎರಡನೆಯದು ಪಿಆರ್‌ಐ. ಸೆಕೆಂಡಿಗೆ 2.048 ಮೆಗಾಬಿಟ್ ಸಾಮರ್ಥ್ಯದ ಒಂದೇ ಸಂಪರ್ಕದಲ್ಲಿ ಏಕಕಾಲಕ್ಕೆ 30 ಕರೆಗಳು ಸಾಗುತ್ತವೆ. ಮೂರನೆಯದು ಸಿಪ್ ಟ್ರಂಕ್. 2002ರಲ್ಲಿ ಇಂದಿನ ರೂಪದ ಮಾನದಂಡ ಪಡೆದ ಈ ವಿಧಾನದಲ್ಲಿ ಧ್ವನಿಯನ್ನು ದತ್ತಾಂಶದ ಪೊಟ್ಟಣಗಳಾಗಿ ಕತ್ತರಿಸಿ ಕಳುಹಿಸಲಾಗುತ್ತದೆ.

ಪಿಆರ್‌ಐ ಸಾಮಾನ್ಯವಾಗಿ 30ರ ಕಟ್ಟಾಗಿಯೇ ಬರುತ್ತದೆ. 20 ಸಾಕಾದಲ್ಲಿ ಉಳಿದ 10ಕ್ಕೂ ಬಾಡಿಗೆ ತೆರಬೇಕಾದೀತು. 31 ಬೇಕಾದರೆ ಎರಡನೆಯ ಪಿಆರ್‌ಐ ಹಾಕಿಸಬೇಕು. ಸಿಪ್ ಟ್ರಂಕ್‌ನಲ್ಲಿ ಬೇಕಾದಷ್ಟೇ ಚಾನೆಲ್ ಪಡೆದು, ಆಮೇಲೆ ಏರಿಸಲು ಅವಕಾಶವಿರುತ್ತದೆ. ಎರಡರಲ್ಲೂ ನೂರಾರು ನೇರ ಸಂಖ್ಯೆಗಳನ್ನು ಕೆಲವೇ ಚಾನೆಲ್‌ಗಳ ಮೇಲೆ ಹಂಚಬಹುದು. ಪ್ರತಿ ವೈದ್ಯರ ಮೇಜಿಗೂ ಪ್ರತ್ಯೇಕ ಸಂಖ್ಯೆ ಇರಬೇಕೆಂದರೆ ಪ್ರತ್ಯೇಕ ಲೈನ್ ಬೇಕಿಲ್ಲ.

ಹಳೆಯ ಇಪಿಎಬಿಎಕ್ಸ್ ಯಂತ್ರವನ್ನು ಎಸೆಯಲೇಬೇಕೆಂಬ ನಿಯಮವಿಲ್ಲ. ಗೇಟ್‌ವೇ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಅದನ್ನು ಸಿಪ್ ಟ್ರಂಕ್‌ಗೆ ಜೋಡಿಸಬಹುದು. ಯಂತ್ರವೇ ಹಾಳಾಗಿ, ಬಿಡಿಭಾಗ ಸಿಗದಂಥ ಸ್ಥಿತಿ ಇದ್ದರೆ ಮಾತ್ರ ಹೊಸದನ್ನು ಯೋಚಿಸಬೇಕು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ‘ಆಸ್ಟರಿಸ್ಕ್’ ಎಂಬ ಮುಕ್ತ ತಂತ್ರಾಂಶ ಸಾಮಾನ್ಯ ಕಂಪ್ಯೂಟರನ್ನೇ ಇಪಿಎಬಿಎಕ್ಸ್ ಆಗಿಸುತ್ತದೆ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಅದನ್ನು ಬಲ್ಲ ಸಿಬ್ಬಂದಿ ಇಲ್ಲದಿದ್ದರೆ ಉಳಿಸಿದ ಹಣವೆಲ್ಲ ದುರಸ್ತಿಗೇ ಹೋದೀತು.

ಸಂಖ್ಯೆ ಉಳಿಸಿಕೊಳ್ಳುವ ವಿಚಾರವನ್ನು ಮೊದಲೇ ಯೋಚಿಸಬೇಕು. ಮೊಬೈಲ್ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಸ್ಥಿರ ದೂರವಾಣಿಗೆ ಈ ಸೌಲಭ್ಯವಿಲ್ಲ. ಕಂಪನಿ ಬದಲಿಸಿದರೆ ಸಂಖ್ಯೆ ಬದಲಾಗುತ್ತದೆ. ರೋಗಿಗಳ ಚೀಟಿಯ ಮೇಲೆ, ನಾಮಫಲಕದ ಮೇಲೆ, ಜನರ ನೆನಪಿನಲ್ಲಿ ಇಪ್ಪತ್ತು ವರ್ಷ ಉಳಿದ ಸಂಖ್ಯೆಗೆ ಬೆಲೆ ಇದೆ. ಆದ್ದರಿಂದ ಹಳೆಯ ಮುಖ್ಯ ಸಂಖ್ಯೆಯ ಒಂದೆರಡು ಲೈನ್‌ಗಳನ್ನು ಉಳಿಸಿಕೊಂಡು, ಅಲ್ಲಿಗೆ ಬಂದ ಕರೆಯನ್ನು ಹೊಸ ವ್ಯವಸ್ಥೆಗೆ ತಿರುಗಿಸುವುದು ಜಾಣತನ.

ಧ್ವನಿ ಸ್ಪಷ್ಟವಾಗಿರಲು

ಅಂತರಜಾಲ ತಂತ್ರದ ಕರೆಯಲ್ಲಿ ಮಾತು ತುಂಡಾಗುತ್ತದೆ ಎಂಬ ದೂರು ಹಳೆಯದು. ಇದಕ್ಕೆ ತಂತ್ರಜ್ಞಾನಕ್ಕಿಂತ ಜಾಲದ ವಿನ್ಯಾಸವೇ ಹೆಚ್ಚಿನ ಸಲ ಕಾರಣವಾಗಿರುತ್ತದೆ. ಸಾಮಾನ್ಯ ಬಳಕೆಯ ಜಿ.711 ವಿಧಾನದಲ್ಲಿ ಒಂದು ಕರೆಯ ಧ್ವನಿಗೆ 64 ಕಿಲೋಬಿಟ್ ಸಾಕಾದರೂ, ಪೊಟ್ಟಣಗಳ ಮೇಲಿನ ವಿಳಾಸ ಇತ್ಯಾದಿ ಸೇರಿ ಸ್ಥಳೀಯ ಜಾಲದಲ್ಲಿ ಸುಮಾರು 87 ಕಿಲೋಬಿಟ್ ಬೇಕಾಗುತ್ತದೆ. 20 ಕರೆಗಳಿಗೆ ಪ್ರತಿ ದಿಕ್ಕಿನಲ್ಲೂ 1.75 ಮೆಗಾಬಿಟ್‌ನಷ್ಟು. ಇಂದಿನ ಸಂಪರ್ಕಗಳಿಗೆ ಇದು ಭಾರವೇ ಅಲ್ಲ.

ತೊಂದರೆ ಬರುವುದು ಅದೇ ದಾರಿಯಲ್ಲಿ ಎಕ್ಸ್-ರೇ ಚಿತ್ರಗಳ ದೊಡ್ಡ ಕಡತ, ಕ್ಯಾಮೆರಾ ದೃಶ್ಯ, ಕಂಪ್ಯೂಟರ್ ಪರಿಷ್ಕರಣೆಗಳು ಒಟ್ಟಿಗೆ ನುಗ್ಗಿದಾಗ. ಕಡತ ಎರಡು ಕ್ಷಣ ತಡವಾದರೆ ಯಾರಿಗೂ ತಿಳಿಯದು. ಮಾತು ತಡವಾದರೆ ತಿಳಿಯುತ್ತದೆ. ಬಾಯಿಯಿಂದ ಕಿವಿಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರದಿದ್ದರೆ ಬಹುತೇಕ ಸಂಭಾಷಣೆಗೆ ತೊಡಕಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ.

ಪರಿಹಾರ ಸರಳ. ಜಾಲದಲ್ಲಿ ದೂರವಾಣಿಗೆ ಪ್ರತ್ಯೇಕ ವಿಭಾಗ ಮಾಡಿ, ಧ್ವನಿಯ ಪೊಟ್ಟಣಗಳಿಗೆ ಮೊದಲ ಆದ್ಯತೆ ಕೊಡುವಂತೆ ಸ್ವಿಚ್ ಮತ್ತು ರೌಟರ್‌ಗಳನ್ನು ಹೊಂದಿಸಬೇಕು. ರಸ್ತೆಯಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಟ್ಟಂತೆಯೇ ಇದು. ಕರೆಗಳು ವೈ-ಫೈ ಮೇಲೆ ಹೋಗುವುದಾದರೆ ಕಾರಿಡಾರ್, ಲಿಫ್ಟ್ ಬಳಿ, ನೆಲಮಾಳಿಗೆಗಳಲ್ಲಿ ನಡೆದಾಡಿ ಪರೀಕ್ಷಿಸಬೇಕು.

ಸಿಬ್ಬಂದಿಯ ಮೊಬೈಲ್

ಅನಿಯಮಿತ ಕರೆಯ ಯೋಜನೆಗಳು ಬಂದ ಮೇಲೆ ಮುಚ್ಚಿದ ಬಳಗದೊಳಗಿನ ಉಚಿತ ಕರೆಗಾಗಿ, ಅಂದರೆ ಸಿಯುಜಿಗಾಗಿ, ಹೆಚ್ಚು ಹಣ ತೆರುವ ಅಗತ್ಯ ಕಡಿಮೆಯಾಗಿದೆ. ಆದರೆ ಹಳೆಯ ಯೋಜನೆಯಲ್ಲೇ ಮುಂದುವರಿಯುವ ಸಿಮ್‌ಗಳಿಗೆ ಈ ಲಾಭ ತಾನಾಗಿ ಬರುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಸಿಮ್‌ಗಳ ಯೋಜನೆ ಪರಿಶೀಲಿಸಿ, ಬಳಕೆಗೆ ತಕ್ಕಂತೆ ಎರಡು ಅಥವಾ ಮೂರು ವರ್ಗಗಳಾಗಿ ವಿಂಗಡಿಸಬೇಕು. ವಿದೇಶ ಪ್ರವಾಸಕ್ಕೆ ಹೊರಡುವವರಿಗೆ ಮುಂಚಿತವಾಗಿ ರೋಮಿಂಗ್ ಪ್ಯಾಕ್ ಹಾಕಿಸುವುದು ಕಡ್ಡಾಯವಾಗಬೇಕು. ಒಬ್ಬರ ಒಂದು ವಾರದ ದತ್ತಾಂಶ ರೋಮಿಂಗ್ ಇಡೀ ವಿಭಾಗದ ತಿಂಗಳ ಬಿಲ್ ಮೀರಿಸಬಲ್ಲದು.

ಸಂಸ್ಥೆಯ ಹೆಸರಿನಲ್ಲಿ ಪಡೆದರೂ ಸಿಮ್ ಬಳಸುವ ಪ್ರತಿಯೊಬ್ಬರ ಗುರುತಿನ ಪರಿಶೀಲನೆ ಅಗತ್ಯ ಎಂದು ದೂರಸಂಪರ್ಕ ಇಲಾಖೆ 2023ರಲ್ಲಿ ಪ್ರಕಟಿಸಿತು. ಕೆಲಸ ಬಿಟ್ಟವರ ಸಿಮ್ ಅನ್ನು ಅದೇ ದಿನ ಹಿಂಪಡೆಯುವುದು ಬಾಡಿಗೆ ಉಳಿಸುವುದಕ್ಕಷ್ಟೇ ಅಲ್ಲ, ಸಂಸ್ಥೆಯ ಹೆಸರು ಉಳಿಸಿಕೊಳ್ಳುವುದಕ್ಕೂ ಬೇಕು. ವಂಚನೆಯಿಂದ ಸಿಮ್ ಪಡೆಯುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷಗಳವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ.

ಕಾನೂನಿನ ಗೆರೆ

‘ಕರೆಗಳನ್ನು ಅಂತರಜಾಲದ ಮೇಲೆ ತಿರುಗಿಸಿ ಎಸ್‌ಟಿಡಿ, ಐಎಸ್‌ಡಿ ವೆಚ್ಚ ಸೊನ್ನೆ ಮಾಡಿಕೊಡುತ್ತೇವೆ’ ಎಂದು ಬರುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ಬೇಕು. ಸಂಸ್ಥೆಯ ಶಾಖೆಗಳು ಪರವಾನಗಿ ಹೊಂದಿದ ಸೇವಾದಾರರಿಂದ ಪಡೆದ ಖಾಸಗಿ ಜಾಲದಲ್ಲಿ ತಮ್ಮೊಳಗೆ ಮಾತನಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಹೊರಗಿನ ಕರೆಯನ್ನು ಖಾಸಗಿ ಜಾಲದ ಮೇಲೆ ದೂರಕ್ಕೆ ಸಾಗಿಸಿ, ಪರವಾನಗಿದಾರರನ್ನು ತಪ್ಪಿಸಿ, ಇನ್ನೊಂದು ಊರಿನ ಸಾರ್ವಜನಿಕ ಜಾಲಕ್ಕೆ ಬಿಡುವುದು ನಿಷಿದ್ಧ. ವಿದೇಶಿ ಕರೆಗಳನ್ನು ಸಿಮ್ ಪೆಟ್ಟಿಗೆಗಳ ಮೂಲಕ ಸ್ಥಳೀಯ ಕರೆಗಳಾಗಿ ಬದಲಿಸುವುದು ಅಪರಾಧ. ಕಾಲ್ ಸೆಂಟರ್‌ಗಳಿಗೆ ಸಂಬಂಧಿಸಿದ ನಿಯಮಗಳನ್ನು 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಸಾಕಷ್ಟು ಸಡಿಲಿಸಲಾಯಿತು. ಆದರೆ ಆ ಸಡಿಲಿಕೆಯಿಂದ ಈ ಮೂಲ ನಿಷೇಧ ರದ್ದಾಗಿಲ್ಲ. ಗುತ್ತಿಗೆಗೆ ಮುನ್ನ ಸೇವಾದಾರರ ಪರವಾನಗಿ ಪ್ರತಿಯನ್ನು ಕೇಳಿ ಪಡೆಯಬೇಕು.

ಇನ್ನೊಂದು ಸಣ್ಣ ಸಂಗತಿ: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ ಸಂಖ್ಯೆಯ ಮೊದಲು ಸೊನ್ನೆ ಒತ್ತಬೇಕು. ಯಂತ್ರದಲ್ಲಿ ಇದನ್ನು ಹೊಂದಿಸದ ಕಚೇರಿಗಳಲ್ಲಿ ಹೊರಗಿನ ಲೈನ್‌ಗೊಂದು, ಮೊಬೈಲ್‌ಗೊಂದು ಎಂದು ಎರಡು ಸೊನ್ನೆ ಒತ್ತಬೇಕಾಗಿ, ಸಿಬ್ಬಂದಿ ‘ಲೈನ್ ಕೆಟ್ಟಿದೆ’ ಎಂದು ದೂರುವುದುಂಟು.

ಕಳ್ಳ ಕರೆಗಳ ಕಾಟ

ವರ್ಷದ ಉಳಿತಾಯವನ್ನು ಒಂದೇ ರಾತ್ರಿಯಲ್ಲಿ ನುಂಗಬಲ್ಲದ್ದು ಇಪಿಎಬಿಎಕ್ಸ್ ವಂಚನೆ. ಅಂತರಜಾಲಕ್ಕೆ ತೆರೆದುಕೊಂಡ ಯಂತ್ರವನ್ನು ಹುಡುಕಿ, ದುರ್ಬಲ ಪಾಸ್‌ವರ್ಡ್ ಮುರಿದು, ಅದರ ಮೂಲಕ ದುಬಾರಿ ವಿದೇಶಿ ಸಂಖ್ಯೆಗಳಿಗೆ ಸಾಲುಸಾಲಾಗಿ ಕರೆ ಮಾಡುವುದು ಇದರ ರೀತಿ. ಆ ಸಂಖ್ಯೆಗಳ ಆದಾಯದಲ್ಲಿ ವಂಚಕರಿಗೆ ಪಾಲಿರುತ್ತದೆ. ಕಚೇರಿ ಮುಚ್ಚಿರುವ ರಾತ್ರಿ ಮತ್ತು ರಜಾದಿನಗಳೇ ಅವರ ಆಯ್ಕೆ. ಕರೆ ಹೋದದ್ದು ಸಂಸ್ಥೆಯ ಲೈನ್‌ನಿಂದಲೇ ಆದ್ದರಿಂದ ಬಿಲ್ ಸಂಸ್ಥೆಯ ತಲೆಗೇ ಬರುತ್ತದೆ.

ತಡೆಯುವ ಕ್ರಮಗಳು ಕಷ್ಟದವಲ್ಲ:

* ಐಎಸ್‌ಡಿ ಸೌಲಭ್ಯವನ್ನು ಸೇವಾದಾರರ ಕಡೆಯಿಂದಲೇ ಮುಚ್ಚಿಸಿ, ಅಗತ್ಯವಿರುವ ಒಂದೆರಡು ಲೈನ್‌ಗಳಿಗೆ ಮಾತ್ರ ತೆರೆಸಬೇಕು. ಆ ಲೈನ್‌ಗಳಿಗೂ ದಿನದ ಮಿತಿ ಇರಬೇಕು.
* ಯಂತ್ರದೊಂದಿಗೆ ಬಂದ ಮೂಲ ಪಾಸ್‌ವರ್ಡ್‌ಗಳನ್ನು ಅಳವಡಿಸಿದ ದಿನವೇ ಬದಲಿಸಬೇಕು. ಎಕ್ಸ್‌ಟೆನ್ಷನ್ ಸಂಖ್ಯೆಯನ್ನೇ ಪಾಸ್‌ವರ್ಡ್ ಆಗಿ ಇಡಬಾರದು.
* ಹೊರಗಿನಿಂದ ಕರೆ ಮಾಡಿ ಒಳಗಿನ ಲೈನ್ ಮೂಲಕ ಮತ್ತೊಂದು ಕರೆ ಹೊರಡಿಸುವ ಸೌಲಭ್ಯ ಬೇಕಿಲ್ಲದಿದ್ದರೆ ಮುಚ್ಚಬೇಕು.
* ಯಂತ್ರವನ್ನು ನೇರವಾಗಿ ಅಂತರಜಾಲಕ್ಕೆ ಜೋಡಿಸದೆ ಫೈರ್‌ವಾಲ್ ಹಿಂದೆ ಇಡಬೇಕು. ಸೇವಾದಾರರ ವಿಳಾಸದಿಂದ ಬಂದದ್ದನ್ನು ಮಾತ್ರ ಒಳಬಿಡಬೇಕು.
* ರಾತ್ರಿ ವೇಳೆ ಅಸಹಜ ಕರೆಗಳು ಕಂಡರೆ ಹೊಣೆಗಾರರ ಮೊಬೈಲ್‌ಗೆ ಸಂದೇಶ ಹೋಗುವಂತೆ ಮಾಡಬೇಕು.

ವಿದ್ಯುತ್ ಹೋದಾಗ

ಹಳೆಯ ತಾಮ್ರದ ಲೈನ್‌ಗೊಂದು ದೊಡ್ಡ ಗುಣವಿತ್ತು. ದೂರವಾಣಿಗೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ, ಅದೇ ತಂತಿಯ ಮೇಲೆ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ದೂರವಾಣಿ ಜೀವಂತವಾಗಿರುತ್ತಿತ್ತು. ಗಾಜಿನ ಎಳೆಯ ಸಂಪರ್ಕಕ್ಕೆ ಈ ಗುಣವಿಲ್ಲ. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ, ರೌಟರ್, ಸ್ವಿಚ್, ಇಪಿಎಬಿಎಕ್ಸ್, ಮೇಜಿನ ದೂರವಾಣಿ ಇವುಗಳಲ್ಲಿ ಒಂದಕ್ಕೆ ವಿದ್ಯುತ್ ತಪ್ಪಿದರೂ ಕರೆ ಇಲ್ಲ.

ಆದ್ದರಿಂದ ಹೊಸ ವ್ಯವಸ್ಥೆಗೆ ಬದಲಾಗುವಾಗ ಈ ಸರಪಳಿಯ ಪ್ರತಿ ಕೊಂಡಿಯೂ ಯುಪಿಎಸ್ ಮೇಲಿರಬೇಕು. ಜಾಲದ ತಂತಿಯ ಮೂಲಕವೇ ದೂರವಾಣಿಗೆ ವಿದ್ಯುತ್ ಕೊಡುವ ಸ್ವಿಚ್‌ಗಳನ್ನು ಹಾಕಿಸಿದರೆ ಒಂದೇ ಯುಪಿಎಸ್‌ನಿಂದ ಇಡೀ ಅಂತಸ್ತಿನ ದೂರವಾಣಿಗಳು ನಡೆಯುತ್ತವೆ. ತಿಂಗಳಿಗೊಮ್ಮೆ ನಿಜವಾಗಿಯೇ ಮುಖ್ಯ ಸ್ವಿಚ್ ಆರಿಸಿ ಪರೀಕ್ಷಿಸಬೇಕು. ಪ್ರತಿ ಎಕ್ಸ್‌ಟೆನ್ಷನ್‌ನಿಂದಲೂ ತುರ್ತು ಸಂಖ್ಯೆ 112ಕ್ಕೆ ಕರೆ ಹೊರಡುವಂತೆ ಯಂತ್ರ ಹೊಂದಿಸಿರಬೇಕು.

ಲೈನ್‌ಗಳನ್ನು ಒಟ್ಟುಗೂಡಿಸುವುದರಲ್ಲೂ ಒಂದು ಅಪಾಯ ಅಡಗಿದೆ. ರಸ್ತೆ ಅಗೆತದಲ್ಲಿ ಒಂದು ಕೇಬಲ್ ತುಂಡಾದರೆ ನಾಲ್ಕೂ ಕಟ್ಟಡಗಳ ದೂರವಾಣಿ ಒಮ್ಮೆಗೇ ಸ್ತಬ್ಧವಾಗುತ್ತದೆ. ಮೇಲಿನ ಉದಾಹರಣೆಯ 20 ಚಾನೆಲ್‌ಗಳನ್ನು ಇಬ್ಬರು ಸೇವಾದಾರರಲ್ಲಿ ತಲಾ 10ರಂತೆ ಹಂಚಿದರೆ, ಒಂದು ಕಡೆ ಕಡಿತವಾದಾಗ ದಟ್ಟಣೆಯ ಗಂಟೆಯಲ್ಲಿ ಸುಮಾರು ಶೇ 30ರಷ್ಟು ಕರೆಗಳು ತಪ್ಪುತ್ತವೆ. ಇದು ಒಳ್ಳೆಯ ಸ್ಥಿತಿಯಲ್ಲ, ಆದರೆ ಎಲ್ಲವೂ ತಪ್ಪುವುದಕ್ಕಿಂತ ಎಷ್ಟೋ ಮೇಲು. ಇಬ್ಬರ ಕೇಬಲ್‌ಗಳೂ ಒಂದೇ ಕಾಲುವೆಯಲ್ಲಿ ಬಂದರೆ ಪ್ರಯೋಜನವಿಲ್ಲ. ಕಟ್ಟಡಕ್ಕೆ ಬೇರೆ ಬೇರೆ ದಿಕ್ಕಿನಿಂದ ಬರುವಂತೆ ಕೇಳಬೇಕು. ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ವಿಭಾಗದ ಸಂಖ್ಯೆಗಳನ್ನು ಈ ಕೊಳದಿಂದ ಹೊರಗಿಟ್ಟು, ಪ್ರತ್ಯೇಕ ಲೈನ್ ಹಾಗೂ ಒಂದು ಮೊಬೈಲ್ ಸಂಖ್ಯೆಯನ್ನೂ ಕೊಡುವುದು ಒಳಿತು. ಇಲ್ಲಿ ಉಳಿತಾಯ ನೋಡಬಾರದು.

ಒಪ್ಪಂದಕ್ಕೆ ಮುನ್ನ

ದರಪಟ್ಟಿ ಕರೆಯುವಾಗ ಎಲ್ಲ ಸೇವಾದಾರರಿಗೂ ಒಂದೇ ನಮೂನೆ ಕೊಡಬೇಕು: ಚಾನೆಲ್‌ಗಳ ಸಂಖ್ಯೆ, ತಿಂಗಳ ಸರಾಸರಿ ನಿಮಿಷಗಳು, ವಿದೇಶಿ ಕರೆಗಳ ದೇಶವಾರು ವಿವರ. ಮೂರು ವರ್ಷಗಳ ಒಟ್ಟು ವೆಚ್ಚವನ್ನು, ಅಳವಡಿಕೆ ಶುಲ್ಕ, ಯಂತ್ರದ ನಿರ್ವಹಣೆ ಮತ್ತು ತೆರಿಗೆ ಸೇರಿಸಿ ಹೋಲಿಸಬೇಕು. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬಾರದು.

ಒಪ್ಪಂದದಲ್ಲಿ ಈ ಅಂಶಗಳು ಬರಹದಲ್ಲಿರಬೇಕು: ಸೇವೆ ಕಡಿತವಾದರೆ ಎಷ್ಟು ಗಂಟೆಯೊಳಗೆ ದುರಸ್ತಿ, ತಡವಾದರೆ ಬಾಡಿಗೆಯಲ್ಲಿ ಎಷ್ಟು ಕಡಿತ, ಚಾನೆಲ್ ಸಂಖ್ಯೆ ಇಳಿಸಲು ಅವಕಾಶ, ಅವಧಿಗೆ ಮುನ್ನ ಹೊರಬಂದರೆ ತೆರಬೇಕಾದ ಮೊತ್ತ. ತಿಂಗಳ ಶೇ 99.5ರಷ್ಟು ಲಭ್ಯತೆ ಎಂಬ ಭರವಸೆ ಆಕರ್ಷಕವಾಗಿ ಕಾಣುತ್ತದೆ. ಆದರೆ 30 ದಿನಗಳಲ್ಲಿ 720 ಗಂಟೆ, ಅದರ ಶೇ 0.5 ಎಂದರೆ 3 ಗಂಟೆ 36 ನಿಮಿಷ. ಅಷ್ಟು ಹೊತ್ತು ದೂರವಾಣಿ ಸತ್ತಿದ್ದರೂ ಒಪ್ಪಂದ ಮುರಿದಂತಾಗುವುದಿಲ್ಲ ಎಂಬುದನ್ನು ಆಡಳಿತ ಮಂಡಳಿ ಸಹಿ ಹಾಕುವ ಮುನ್ನ ಅರಿತಿರಬೇಕು.

ಬದಲಾವಣೆಯನ್ನು ಒಮ್ಮೆಗೇ ಮಾಡಬಾರದು. ಮೊದಲು ಒಂದು ಕಟ್ಟಡ, ಅದೂ ಹೆಚ್ಚು ದಟ್ಟಣೆಯಿಲ್ಲದ್ದು. ಹಳೆಯ ಲೈನ್‌ಗಳನ್ನು ಕನಿಷ್ಠ ಒಂದು ಬಿಲ್ ಅವಧಿಯವರೆಗೆ ಉಳಿಸಿಕೊಂಡು, ಹೊಸದು ನಂಬಿಕೆಗೆ ಅರ್ಹ ಎನಿಸಿದ ಮೇಲೆ ಕಡಿತಗೊಳಿಸಬೇಕು. ಕಡಿತದ ಕೋರಿಕೆಗೆ ಲಿಖಿತ ಸ್ವೀಕೃತಿ ಪಡೆಯಬೇಕು, ಠೇವಣಿ ವಾಪಸ್ ಬರುವವರೆಗೆ ಕಡತ ಮುಚ್ಚಬಾರದು.

ಯಂತ್ರ ಎಷ್ಟೇ ಹೊಸದಾದರೂ ಕೊನೆಗೆ ರಿಸೀವರ್ ಎತ್ತುವುದು ಮನುಷ್ಯರೇ. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಧ್ವನಿ ಮಾರ್ಗದರ್ಶಿ ಹಾಕುವವರು ಕನ್ನಡವನ್ನು ಮೊದಲು ಇಟ್ಟು, ಆಯ್ಕೆಗಳನ್ನು ನಾಲ್ಕಕ್ಕೆ ಸೀಮಿತಗೊಳಿಸಿ, ಎಲ್ಲಿಂದಲಾದರೂ ಸೊನ್ನೆ ಒತ್ತಿದರೆ ಆಪರೇಟರ್ ಸಿಗುವಂತೆ ಮಾಡಬೇಕು. ಹಳ್ಳಿಯಿಂದ ಕರೆ ಮಾಡುವ ವೃದ್ಧರಿಗೆ ಈ ಸೊನ್ನೆಯೇ ದಾರಿ.

ಪ್ರತಿ ತಿಂಗಳು ಆಡಳಿತ ಮಂಡಳಿಯ ಮುಂದೆ ಒಂದು ಪುಟದ ವರದಿ ಬರಲಿ. ಅದರಲ್ಲಿ ನಾಲ್ಕೇ ಅಂಕಿಗಳು ಸಾಕು: ಒಟ್ಟು ವೆಚ್ಚ, ಲೈನ್ ಸಿಗದೆ ತಪ್ಪಿದ ಕರೆಗಳು, ಗಂಟೆ ಬಾರಿಸಿದರೂ ಎತ್ತದ ಕರೆಗಳು, ಸೇವೆ ಸ್ಥಗಿತಗೊಂಡ ಗಂಟೆಗಳು. ಮೊದಲ ಅಂಕಿ ಇಳಿದು ಉಳಿದ ಮೂರರಲ್ಲಿ ಯಾವುದಾದರೂ ಏರಿದ್ದರೆ ಅದನ್ನು ಉಳಿತಾಯ ಎಂದು ಕರೆಯಲಾಗದು. ನಾಲ್ಕೂ ಇಳಿದರೆ ಮಾತ್ರ ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿಯಬಹುದು.